ಮತ ಹಾಕದೆ ಎದ್ದು ಬಂದವಳು

"ನೀವೇನಾ ಹೊಸ ಟ್ರಸ್ಟಿ?"

ಸಭಾಂಗಣದ ಬಾಗಿಲು ದಾಟಿ ಅವಳು ಹೊರಗೆ ಕಾಲಿಟ್ಟಿದ್ದೇ ತಡ, ಎದುರಿಗೆ ಅವನು ನಿಂತಿದ್ದ. ತೋಳು ಮಡಚಿದ ಅಂಗಿ, ಬೆರಳಿಗೆಲ್ಲ ಸೀಮೆಸುಣ್ಣದ ಪುಡಿ, ಮುಖದ ತುಂಬ ಸಿಟ್ಟು.

ಅವಳು ತಲೆಯಾಡಿಸಿದಳು. ವಿಶ್ವವಿದ್ಯಾಲಯವನ್ನು ನಡೆಸುವ ಆಡಳಿತ ಮಂಡಳಿಗೆ ವಿದ್ಯಾರ್ಥಿಗಳೆಲ್ಲ ಸೇರಿ ಆರಿಸಿ ಕಳಿಸಿದ ಟ್ರಸ್ಟಿ ಅವಳು. ಸಂಶೋಧನೆ ಮಾಡುತ್ತಿದ್ದ ಹುಡುಗಿ. ತಲೆ ನರೆತ ಅಷ್ಟು ಜನರ ನಡುವೆ ಅವಳಿಗೂ ಒಂದು ಕುರ್ಚಿ, ಒಂದು ಮತ. ಅವತ್ತು ಅವಳ ಮೊದಲ ಸಭೆ.

"ಸಂಜೆ ಕಾಲೇಜಿನ ಹುಡುಗೀರು ಕೆಲಸ ಮುಗಿಸಿ ಇಲ್ಲಿಗೆ ಬರೋ ಹೊತ್ತಿಗೆ ಶೌಚಾಲಯಕ್ಕೆ ಬೀಗ ಬಿದ್ದಿರುತ್ತೆ. ಗೊತ್ತಾ ನಿಮಗೆ? ಇಲ್ಲಾ, ಬಿಸ್ಕತ್ತು ತಿಂದು ಬರೋಕಷ್ಟೇ ಕಳಿಸಿದ್ದಾರಾ?"

ಅವಳ ಬಾಯಲ್ಲಿ ಇನ್ನೂ ಬಿಸ್ಕತ್ತು ಇತ್ತು! ಹಾಗಾಗಿ ತಿರುಗಿ ಬಯ್ಯುವುದಕ್ಕೂ ಆಗಲಿಲ್ಲ.

ಎಂಥಾ ಒರಟ ಅಂತ ಮನಸ್ಸಿನಲ್ಲೇ ಶಪಿಸಿದಳು. ಆದರೂ ಮರುದಿನ ಸಂಜೆ ಹೋಗಿ ನೋಡಿದಳು. ಹಗಲಿನ ಹುಡುಗರು ಬಿಟ್ಟುಹೋದ ಬೆಂಚುಗಳ ಮೇಲೆ ಅಂಗಡಿಯಲ್ಲಿ ನಿಲ್ಲುವ ಹುಡುಗಿಯರು, ಲಾರಿ ಓಡಿಸುವವರು, ಆಸ್ಪತ್ರೆಯ ಸಮವಸ್ತ್ರದಲ್ಲೇ ಓಡಿಬಂದ ನರ್ಸುಗಳು. ಅವರ ಮುಂದೆ ಆ ಒರಟ ಅರ್ಥಶಾಸ್ತ್ರ ಹೇಳುತ್ತಿದ್ದ... ಎಷ್ಟು ತಾಳ್ಮೆಯಿಂದ! ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವಳೊಬ್ಬಳನ್ನು ಎಬ್ಬಿಸದೆ, ದನಿ ತಗ್ಗಿಸಿ ಪಾಠ ಮುಂದುವರಿಸಿದ. ಕಿಟಕಿಯಾಚೆ ನಿಂತವಳ ಎದೆಯಲ್ಲಿ ಏನೋ ಮೆತ್ತಗಾಯಿತು.

ಶೌಚಾಲಯದ ಬೀಗ ಮಂಡಳಿಯ ಮುಂದೆ ತರುವ ವಿಷಯವೇ ಅಂತ ಹಿರಿಯರು ನಕ್ಕರು. ಅವಳು ಪಟ್ಟು ಬಿಡಲಿಲ್ಲ. ಬೀಗ ಹೋಯಿತು.

ಅವನು ಥ್ಯಾಂಕ್ಸ್ ಹೇಳಲೆಂದೇ ಬಂದ. ಹೇಳಲು ಬಾಯಿ ಬರದೆ, ಅವತ್ತು ಬೈದದ್ದು ಸ್ವಲ್ಪ ಹೆಚ್ಚಾಯಿತೆಂದು ಗೊಣಗಿ ಹೋದ. ಅಲ್ಲಿಂದ ಶುರುವಾದದ್ದು ನೋಡಿ. ತರಗತಿಗೆ ಮುಂಚೆ ವರಾಂಡದ ಕಲ್ಲುಬೆಂಚಿನಲ್ಲಿ ಸ್ವಲ್ಪ ಹೊತ್ತು ಮಾತು, ಆಮೇಲೆ ಬಹಳ ಹೊತ್ತು ಮಾತು. ಅವನು ಅವಳನ್ನು "ಟ್ರಸ್ಟಿಯವರೇ" ಎಂದು ಕೆಣಕುವುದು, ಅವಳು "ಹೇಳಿ ಮೇಷ್ಟ್ರೇ" ಎನ್ನುವುದು. ಹೇಳಬೇಕಾದ್ದನ್ನು ಮಾತ್ರ ಇಬ್ಬರೂ ಹೇಳಲಿಲ್ಲ.

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸಲು ಯಾರಿಂದಾಗುತ್ತದೆ? "ಯಾರೇ ಅದು? ತಟ್ಟೆ ನೋಡ್ಕೊಂಡು ನಗ್ತಾ ಇದೀಯಲ್ಲ," ಅಂದಳು ಅತ್ತಿಗೆ. ಇವಳಿಗೆ ನೆತ್ತಿಗೇರಿ ಕೆಮ್ಮು ಬಂತು.

ಅಷ್ಟರಲ್ಲಿ ಬಂತು ಆ ಪ್ರಸ್ತಾವ. ಸಂಜೆ ಕಾಲೇಜನ್ನು ಮುಚ್ಚುವುದು!

ಸಭೆ ಬಾಗಿಲು ಮುಚ್ಚಿಕೊಂಡು ನಡೆಯಿತು. ಒಳಗಿನ ಮಾತು ಹೊರಗೆ ಆಡುವಂತಿಲ್ಲ. ಮಂಡಳಿ ಸರಿಯಾಗಿ ಎರಡು ಪಾಲಾಗಿದೆಯೆಂದು ಅವಳಿಗೆ ಗೊತ್ತಿತ್ತು. ಅವಳು 'ಬೇಡ' ಎಂದರೆ ಮತ ಸಮ ಬರುತ್ತದೆ, ಸಮ ಬಂದರೆ ಪ್ರಸ್ತಾವ ಬಿದ್ದುಹೋಗುತ್ತದೆ.

ಆದರೆ ಪ್ರತಿ ವಿಷಯಕ್ಕೂ ಮುಂಚೆ ಅಧ್ಯಕ್ಷೆ ಒಂದು ಪ್ರಶ್ನೆ ಕೇಳುವುದು ವಾಡಿಕೆ. ಇದರಲ್ಲಿ ಯಾರಿಗಾದರೂ ಸ್ವಂತ ಹಿತಾಸಕ್ತಿ ಇದೆಯೇ? ಇದ್ದವರು ಎದ್ದು ಹೊರಗೆ ಹೋಗಬೇಕು. ಯಾಕೆಂದು ಯಾರೂ ಕೇಳುವುದಿಲ್ಲ.

ಪ್ರತಿ ಸಲ ಅವಳ ಕಿವಿಗೆ ಬಿದ್ದು ಹೋಗುತ್ತಿದ್ದ ಆ ಮಾತು ಅವತ್ತು ಎದೆಗೇ ನಾಟಿತು. ಕಾಲೇಜು ಮುಚ್ಚಿದರೆ ಅವನ ಕೆಲಸ ಹೋಗುತ್ತದೆ. ತಾನು ಕೈ ಎತ್ತುವುದು ಆ ನರ್ಸುಗಳಿಗಾಗಿಯೋ, ಅವನಿಗಾಗಿಯೋ? ಹೇಗೆ ಕೇಳಿಕೊಂಡರೂ ಮನಸ್ಸು ಅವನ ಹೆಸರನ್ನೇ ಹೇಳಿತು.

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಸರಿಸಿ ಹೊರಗೆ ಬಂದಳು.

ವರಾಂಡದಲ್ಲಿ ವಿದ್ಯಾರ್ಥಿಗಳ ಜೊತೆ ಅವನು ಕಾಯುತ್ತಿದ್ದ. ಸಭೆ ಮುಗಿಯುವ ಮೊದಲೇ ಬಂದವಳನ್ನು ನೋಡಿ ಅವನ ಮುಖ ಬಿಳುಚಿತು. ಸ್ವಲ್ಪ ಹೊತ್ತಿಗೆ ಸುದ್ದಿಯೂ ಬಂತು. ಒಂದೇ ಮತದಿಂದ ಪ್ರಸ್ತಾವ ಪಾಸಾಗಿತ್ತು. ಆಕ್ಷೇಪಣೆ ಕೇಳಿದ ಮೇಲೆ, ಮುಂದಿನ ಬಹಿರಂಗ ಸಭೆಯಲ್ಲಿ ಇನ್ನೊಮ್ಮೆ ಮತ ಹಾಕಿ ಖಾಯಂ ಮಾಡುವುದಷ್ಟೇ ಬಾಕಿ.

"ಯಾಕೆ ಎದ್ದು ಬಂದ್ರಿ?"

"ಹೇಳೋಕಾಗಲ್ಲ."

"ಆ ಹುಡುಗೀರ ಮುಖ ನೋಡಿ ಹೇಳಿ. ಯಾಕೆ?"

ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಕೆಲಸ ಹೋಗಲಿರುವವನಿಗೆ, 'ನಿಮ್ಮನ್ನು ಪ್ರೀತಿಸುತ್ತೇನೆ, ಅದಕ್ಕೇ ನಿಮ್ಮನ್ನು ಉಳಿಸಲಿಲ್ಲ' ಅಂತ ಯಾವ ಬಾಯಲ್ಲಿ ಹೇಳುವುದು?

"ದೊಡ್ಡವರ ಎದುರು ಕೈ ಎತ್ತೋಕೆ ಧೈರ್ಯ ಬರಲಿಲ್ಲ ಅನ್ನಿ," ಎಂದ ಅವನು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಸೋತ ದನಿಯಲ್ಲಿ ಹೇಳಿದ.

ಅಲ್ಲಿಂದ ಮಾತು ನಿಂತಿತು.

ಸಂಜೆಯಾದರೆ ಸಾಕು, ಅವಳ ಕಾಲು ತಾನಾಗಿ ಆ ಕಟ್ಟಡದ ಕಡೆ ತಿರುಗುತ್ತಿತ್ತು. ಕಲ್ಲುಬೆಂಚಿನಲ್ಲಿ ಈಗ ಬೇರೆ ಯಾರೋ ಕೂತಿರುತ್ತಿದ್ದರು. ಕಿಟಕಿಯಾಚೆ ಮರೆಯಲ್ಲಿ ನಿಂತು ಅವನ ದನಿ ಕೇಳಿಸಿಕೊಳ್ಳುವಳು. ಒಂದು ಸಲ ಮೆಟ್ಟಿಲಲ್ಲಿ ಎದುರಾದರು. ಅವನು ಗೋಡೆಗೆ ಸರಿದು ದಾರಿ ಬಿಟ್ಟ, ಗುರುತಿಲ್ಲದವರಿಗೆ ಬಿಡುವ ಹಾಗೆ. ಅವತ್ತು ಮನೆಗೆ ಹೋದವಳು ಅತ್ತಿಗೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು.

ಅವನು ಒಂದು ಮಾತು ಆಡಬಾರದಿತ್ತೇ? ಟ್ರಸ್ಟಿಯವರೇ ಅಂತ ಒಂದೇ ಒಂದು ಸಲ...

"ಹೋಗಿ ಹೇಳಿಬಿಡೇ," ಎಂದಳು ಅತ್ತಿಗೆ, ಕೂದಲು ಸವರುತ್ತ. ಈಗ ಹೇಳಿದರೆ ತಪ್ಪಿಸಿಕೊಳ್ಳಲು ನೆಪ ಕಟ್ಟಿದ ಹಾಗೆ ಕೇಳಿಸುತ್ತದೆ ಎಂದಳು ಇವಳು.

ಬಹಿರಂಗ ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಸಂಜೆ ಕಾಲೇಜಿನವರು ಗೋಡೆಗೆ ಒರಗಿ ನಿಂತಿದ್ದರು. ಕೊನೆಯ ಸಾಲಿನಲ್ಲಿ ಅವನು. ಅವಳು ಅತ್ತ ನೋಡಲಿಲ್ಲ, ನೋಡದೆಯೇ ಅವನು ಎಲ್ಲಿ ಕೂತಿದ್ದಾನೆಂದು ಗೊತ್ತಿತ್ತು.

ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಅವಳ ಕಡೆಗೇ ತಿರುಗಿದರು. "ಹೋದ ಸಲ ನೀವು ಎದ್ದು ಹೋಗಿದ್ರಿ. ಆ ಹಿತಾಸಕ್ತಿ ಈಗಲೂ ಇದೆಯಾ? ಬಹಿರಂಗ ಸಭೆ, ಇದ್ರೆ ಏನು ಅಂತ ಹೇಳಬೇಕಾಗುತ್ತೆ. ಇಲ್ಲದಿದ್ರೆ ಮತ ಹಾಕಬಹುದು."

ಇಲ್ಲ ಎಂದರೆ ಮುಗಿಯಿತು. ಕಾಲೇಜು ಉಳಿಯುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ, ಅವನು ಮುಖ ನೋಡುವುದನ್ನೂ ಬಿಟ್ಟಿದ್ದಾನಲ್ಲ? ಆದರೆ ತನ್ನ ಎದೆಯಲ್ಲಿರುವುದನ್ನು ಅಷ್ಟು ಜನರ ಮುಂದೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಇದೆ, ಮೇಡಂ," ಎಂದಳು. ಎದ್ದು ನಿಂತಳು. "ಸಂಜೆ ಕಾಲೇಜಲ್ಲಿ ಪಾಠ ಮಾಡೋ ಒಬ್ಬರನ್ನ ನಾನು ಪ್ರೀತಿಸ್ತೀನಿ. ಕಾಲೇಜು ಮುಚ್ಚಿದ್ರೆ ಅವರ ಕೆಲಸ ಹೋಗುತ್ತೆ. ಹೋದ ಸಲ ಎದ್ದಿದ್ದೂ ಅದಕ್ಕೇ."

ಅಧ್ಯಕ್ಷೆ ತಲೆಯೆತ್ತಿ ಅವಳನ್ನೇ ನೋಡಿದರು.

"ಅವರಿಗೆ ಇದು ಗೊತ್ತಾ?"

"ಇಲ್ಲಿವರೆಗೂ ಗೊತ್ತಿರಲಿಲ್ಲ. ಅವರು ನನ್ನ ಜೊತೆ ಮಾತೇ ಬಿಟ್ಟಿದ್ದಾರೆ."

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ನಿಯಮದಲ್ಲಿ ಹೆತ್ತವರು ಇದ್ದಾರೆ, ಒಡಹುಟ್ಟಿದವರು ಇದ್ದಾರೆ, ಗಂಡ ಹೆಂಡತಿ ಇದ್ದಾರೆ, ಮದುವೆಗೆ ಒಪ್ಪಿಕೊಂಡಿರೋ ಇಬ್ಬರೂ ಇದ್ದಾರೆ. ಒಬ್ಬರೇ ಪ್ರೀತಿಸೋದು ಅದರಲ್ಲಿಲ್ಲ. ಹೋದ ಸಲ ನನ್ನ ಕಿವೀಲಿ ಒಂದು ಮಾತು ಹಾಕಿದ್ರೆ ಅವತ್ತೇ ಕೂರಿಸ್ತಿದ್ದೆ. ಕೂತ್ಕೊ."

ಹಾಗಾದರೆ ಇಷ್ಟು ದಿನದ ಸಂಕಟವೆಲ್ಲ ಕೇಳದೆ ತಾನೇ ಕಟ್ಟಿಕೊಂಡದ್ದೇ? ನಗಬೇಕೋ ಅಳಬೇಕೋ ತಿಳಿಯದೆ ಅವಳು ಕುಸಿದು ಕೂತಳು. ಧೈರ್ಯ ಮಾಡಿ ಕೊನೆಯ ಸಾಲಿನತ್ತ ನೋಡಿದಳು.

ಅವನು ಎದ್ದಿದ್ದ. ಜನರನ್ನು ಸರಿಸಿಕೊಂಡು ಬಾಗಿಲ ಕಡೆ ಹೊರಟಿದ್ದ. ತಿರುಗಿಯೂ ನೋಡದೆ ಹೊರಗೆ ಹೋದ.

ಮುಗಿಯಿತು. ಅಷ್ಟು ಜನರ ಮುಂದೆ ಅವನ ಮಾನ ತೆಗೆದೆ...

ಮತಕ್ಕೆ ಕರೆದಾಗ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ 'ಬೇಡ' ಎಂದು ಕೈ ಎತ್ತಿದಳು. ಈ ಸಲ ಅದು ಗೋಡೆಗೊರಗಿ ನಿಂತವರಿಗಾಗಿ, ಅವನು ಸಿಗದಿದ್ದರೂ ಎತ್ತುತ್ತಿದ್ದ ಕೈ. ಮತ ಸಮ ಬಂತು, ಪ್ರಸ್ತಾವ ಬಿತ್ತು. ನರ್ಸುಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಅವಳು ಯಾರಿಗೂ ಕಾಣದಂತೆ ಹೊರಗೆ ಬಂದಳು. ವರಾಂಡದ ತುದಿಯಲ್ಲಿ, ಬೆನ್ನು ಗೋಡೆಗೆ ಕೊಟ್ಟು ಅವನು ನಿಂತಿದ್ದ. ಕಣ್ಣು ಕೆಂಪಗಾಗಿತ್ತು.

"ಕಾಲೇಜು?" ಎಂದ.

"ಉಳೀತು."

ಅವನು ಕಣ್ಣು ಮುಚ್ಚಿ ತೆರೆದ. "ಒಳಗೆ ಇನ್ನೊಂದು ನಿಮಿಷ ಕೂತಿದ್ರೆ ಎದ್ದು ನಿಂತು ಕೇಳಿಬಿಡ್ತಿದ್ದೆ, ನನ್ನ ಮದುವೆ ಆಗ್ತೀರಾ ಅಂತ. ನೀವು ಹೂಂ ಅಂದಿದ್ರೆ ನಿಮ್ಮ ಮತ ಹೋಗ್ತಿತ್ತು. ಅದಕ್ಕೇ ಓಡಿಬಂದೆ."

ಅವನು ಹತ್ತಿರ ಬಂದು, ಅವತ್ತು ಆಡಿದ ಮಾತಿಗೆ ಕ್ಷಮೆ ಕೇಳಿದ. ಪ್ರತಿ ಸಂಜೆ ಕಿಟಕಿಯಾಚೆ ಅವಳು ನಿಂತಿರುವುದು ಗೊತ್ತಿತ್ತೆಂದ, ಅವಳು ಹೋಗಿಬಿಡಬಾರದೆಂದು ಪಾಠ ಉದ್ದ ಮಾಡುತ್ತಿದ್ದೆನೆಂದ. ಅವಳು ಅಳುತ್ತಲೇ ನಕ್ಕಳು.

"ಈಗ ಕೇಳ್ತೀನಿ. ಆಗ್ತೀರಾ?"

"ಹೂಂ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೆ ಮೇಷ್ಟ್ರೇ, ಇನ್ಮೇಲೆ ನಿಮ್ಮ ಕಾಲೇಜಿನ ವಿಷಯ ಬಂದಾಗೆಲ್ಲ ನಾನು ಎದ್ದು ಹೊರಗೆ ಬರಬೇಕಾಗುತ್ತೆ."

"ಬನ್ನಿ," ಎಂದ ಅವನು, ಅವಳ ಕೈ ಹಿಡಿದು. "ಹೊರಗೆ ನಾನಿರ್ತೀನಿ."