ಅಕ್ಷತೆ ಕದಲದ ಐದು ಕೀಬೋರ್ಡು

೨೦೦೪ರ ವಿಜಯದಶಮಿ, ಮಧ್ಯಾಹ್ನ ಮೂರು ಗಂಟೆ. ಹುಣಸೂರಿನ ತನ್ನ ಕಂಪ್ಯೂಟರ್ ತರಬೇತಿ ಕೇಂದ್ರದ ಬೀಗ ತೆಗೆದ ಉಮಾಶಂಕರ ಬಾಗಿಲಲ್ಲೇ ನಿಂತ. ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು.

ಇದ್ದದ್ದು ಆರು ಕಂಪ್ಯೂಟರು. ಹಿಂದಿನ ದಿನ ಐದಕ್ಕೆ ಆಯುಧಪೂಜೆ ಮಾಡಿ, ತಾನು ಬಂದು ಪೂಜೆ ಇಳಿಸುವವರೆಗೆ ಯಾರೂ ಮುಟ್ಟಬಾರದೆಂದು ಹೇಳಿದ್ದ. ಆರನೆಯದನ್ನು ಮಾತ್ರ ಕೇಂದ್ರದಲ್ಲಿ ಕೆಲಸಕ್ಕಿದ್ದ ಹುಡುಗಿ ರಮ್ಯಾಳಿಗೆ ಬಿಟ್ಟಿದ್ದ. ಭೇರ್ಯದ ಶಾಲೆಗೆ ಹಬ್ಬದ ಮಾರನೆಯ ದಿನ ಕನ್ನಡ ಬರೆಯುವ ತಂತ್ರಾಂಶ ಕೊಡಬೇಕಿತ್ತು. ಅದನ್ನು ಕಂಪೈಲ್ ಮಾಡಬೇಕು, ಅಂದರೆ ಮನುಷ್ಯರು ಬರೆದ ಮೂಲವನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ಇಳಿಸಬೇಕು. ಹೋದ ಸಲ ಒಂದೇ ಯಂತ್ರದಲ್ಲಿ ಇಪ್ಪತ್ತಾರು ಗಂಟೆ ಹಿಡಿದಿತ್ತು.

ಉಮಾಶಂಕರ ಒಂದೊಂದೇ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಆರಿಸಿಟ್ಟಿದ್ದ ಪೂಜೆಯ ಐದೂ ಬೆಚ್ಚಗಿದ್ದವು.

ಇನ್ನೊಂದು ಕೀಲಿ ಇದ್ದದ್ದು ಪಾಠ ಹೇಳುವ ಮಹೇಂದ್ರನ ಬಳಿ. ಅವನ ಡ್ರಾಯರ್‌ನಲ್ಲಿ ಒಂದು ಗೇಮ್ ಸಿ.ಡಿ. ಸಿಕ್ಕಿತು. ಉಮಾಶಂಕರನಿಗೆ ಅಷ್ಟು ಸಾಕಾಯಿತು.

* * *

ಎದುರು ಮನೆಯ ಕೆಂಪಯ್ಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಕರೆ ಹೋಗಿ ಅವರು ಬರುವಷ್ಟರಲ್ಲಿ ಮಹೇಂದ್ರನನ್ನೂ ಕರೆಸಿಯಾಗಿತ್ತು, ಅವನ ಕೀಲಿ ಉಮಾಶಂಕರನ ಜೇಬು ಸೇರಿತ್ತು. ನಾಳೆಯಿಂದ ಬರಬೇಡ ಎಂದೂ ಹೇಳಿಯಾಗಿತ್ತು. ಎರಡು ಮಕ್ಕಳ ತಂದೆ ಮಹೇಂದ್ರ ಗೋಡೆಗೊರಗಿ ನಿಂತಿದ್ದ. ಬೆಳಿಗ್ಗೆ ಎಂಟಕ್ಕೆ ರಮ್ಯಾಳಿಗೆ ಬಾಗಿಲು ತೆಗೆದುಕೊಟ್ಟು ಹೋದೆ, ಎರಡೂವರೆಗೆ ಬಂದು ಬೀಗ ಹಾಕಿದೆ ಎಂದಷ್ಟೇ ಹೇಳಿದ.

"ಸ್ನೇಹಿತರ್ನ ಕರ್ಕಂಡು ಬಂದು ಆಟ ಆಡ್ಸವ್ನೆ ಕಣಣ್ಣ," ಎಂದ ಉಮಾಶಂಕರ.

ಕೆಂಪಯ್ಯ ಚಪ್ಪಲಿ ಹೊರಗೆ ಬಿಟ್ಟರು. ಪ್ರತಿ ಯಂತ್ರಕ್ಕೂ ಕೈಮುಗಿದರು. ಆಮೇಲೆ ಬಾಗಿ ನೋಡಿದರು. ಕೀಬೋರ್ಡುಗಳ ಮೇಲೆ ಅಕ್ಷತೆ ಹಾಕಿದಂತೆಯೇ ಇತ್ತು. ಒದ್ದೆ ಕುಂಕುಮ ಒಣಗಿ, ಕಾಳು ಗುಂಡಿಗಳಿಗೆ ಅಂಟಿಕೊಂಡಿತ್ತು.

"ಬೆರಳಿಲ್ದೆ ಆಟ ಆಡ್ತಾರೇನ್ಲಾ ಉಮಾ?"

ಕೆಂಪಯ್ಯ ಆರನೆಯ ಪರದೆಯತ್ತ ತಿರುಗಿದರು. ಅದಿನ್ನೂ ಉರಿಯುತ್ತಿತ್ತು. ಅದರಲ್ಲೇನಿದೆ ಓದು ಎಂದರು. ಮಹೇಂದ್ರ ಓದಿದ. ಕಂಪೈಲ್ ಶುರುವಾದದ್ದು ಎಂಟೂ ಹತ್ತಕ್ಕೆ. ಮುಗಿದದ್ದು ಒಂದೂ ಇಪ್ಪತ್ತಕ್ಕೆ. ಹೋದ ಸಲ ಇದಕ್ಕೇ ಇಪ್ಪತ್ತಾರು ಗಂಟೆ ಬೇಕಾಗಿತ್ತು ಎಂದೂ ಹೇಳಿದ.

"ಇಪ್ಪತ್ತಾರು ಗಂಟೆ ಕೆಲ್ಸ ಐದು ಗಂಟೇಲಿ," ಎಂದರು ಕೆಂಪಯ್ಯ. "ಇವು ಆಟ ಆಡಿಲ್ಲ. ದುಡುದವೆ."

* * *

ನಾಲ್ಕಕ್ಕೆ ರಮ್ಯಾ ಬಂದಳು. ತಂತ್ರಾಂಶದ ಸಿ.ಡಿ.ಯನ್ನು ದೇವರ ಮುಂದಿಟ್ಟು ತಂದಿದ್ದಳು. ಡಬ್ಬಿಯ ಮೇಲೆ ಕುಂಕುಮವಿತ್ತು.

ಕೆಂಪಯ್ಯ ಯಂತ್ರದ ಮಾತೇ ಎತ್ತಲಿಲ್ಲ. ಊರು ಯಾವುದೆಂದರು. ಕಟ್ಟೆಮಳಲವಾಡಿ.

"ನಿಮ್ಮಜ್ಜಿ ಗದ್ದೆ ನಾಟಿ ಎಂಗವ್ವ ಮಾಡೋದು?"

"ಮುಯ್ಯಾಳು, ತಾತ. ಇವತ್ತು ಅವ್ರೆಲ್ಲ ನಮ್ಮ ಗದ್ದೆಗೆ, ನಾಳೆ ನಾವು ಅವ್ರ ಗದ್ದೆಗೆ."

ಹೇಳಿದ ಮೇಲೆ ಅವಳಿಗೇ ಹೊಳೆಯಿತು. ತಲೆ ತಗ್ಗಿಸಿದಳು.

"ಇವ್ಳೇ ಕಣೋ," ಎಂದರು ಕೆಂಪಯ್ಯ. ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. "ಕೀಬೋರ್ಡು ಮುಟ್ಟಿಲ್ಲ ಅಂದ್ರೆ ಐದನ್ನೂ ಆರನೇದ್ರಿಂದ್ಲೇ ದುಡುಸವ್ರೆ. ಆರನೇದ್ರ ಮುಂದೆ ಕೂತಿದ್ದೋಳು ಇವ್ಳೊಬ್ಳೇ."

ರಮ್ಯಾ ಒಪ್ಪಿಕೊಂಡಳು. ತಂತ್ರಾಂಶವೆಂದರೆ ಸಾವಿರಾರು ಸಣ್ಣ ಕಡತಗಳು. ಒಂದು ಮುಗಿಯಲೆಂದು ಇನ್ನೊಂದು ಕಾಯಬೇಕಿಲ್ಲ. ತನ್ನ ಯಂತ್ರ ಅವನ್ನು ಆರನ್ನೂ ಬೆಸೆದ ತಂತಿಯ ಮೂಲಕ ಉಳಿದ ಐದಕ್ಕೆ ಹಂಚಿತು, ಇಳಿಸಿದ್ದನ್ನು ವಾಪಸು ತೆಗೆದುಕೊಂಡು ಜೋಡಿಸಿತು. ಅದಕ್ಕೆ ಬೇಕಾದ ಏರ್ಪಾಟನ್ನು ಹಬ್ಬಕ್ಕೆ ಮೊದಲೇ ಮಾಡಿಟ್ಟಿದ್ದಳು. ಬೆಳಿಗ್ಗೆ ಐದೂ ಯಂತ್ರಗಳ ಸ್ವಿಚ್ಚು ಒತ್ತಿದ್ದು, ಹೊರಡುವಾಗ ಆರಿಸಿದ್ದು, ಅಷ್ಟೇ. ಒಂದನ್ನೇ ನಂಬಿದ್ದರೆ ನಾಳೆ ಬೆಳಿಗ್ಗೆ ಹತ್ತಾದರೂ ಮುಗಿಯುತ್ತಿರಲಿಲ್ಲ. ಭೇರ್ಯದ ಬಸ್ಸು ಎಂಟಕ್ಕೆ.

"ಕೇಳಿದ್ರೆ ಬ್ಯಾಡ ಅಂತಿದ್ರಿ ಸಾರ್. ಮಹೇಂದ್ರಣ್ಣನ ಮೇಲೆ ಬತ್ತದೆ ಅನ್ಕೊಂಡಿರ್ಲಿಲ್ಲ."

ಇಪ್ಪತ್ತಾರು ಗಂಟೆ ಐದಕ್ಕಿಳಿದದ್ದು ಉಮಾಶಂಕರನ ಮನಸ್ಸಿಗೆ ಈಗ ಇಳಿಯುತ್ತಿತ್ತು.

"ಮುಯ್ಯಿ ತೀರುಸ್ಬೇಕಲ್ಲವ್ವ," ಎಂದರು ಕೆಂಪಯ್ಯ.

"ತೀರುಸ್ತೀನಿ ತಾತ. ಒಂದ್ಸಲ ಇಳ್ಸಿದ್ದನ್ನ ಇವು ತಿರ್ಗ ಇಳುಸ್ಬೇಕಿಲ್ಲ. ಈ ಸಿ.ಡಿ.ಯಿಂದ ಒಂದೊಂದಕ್ಕೂ ಕನ್ನಡ ಹಾಕೋಕೆ ಹತ್ತೇ ನಿಮಿಷ."

ಉಮಾಶಂಕರ ಜೇಬಿನಿಂದ ಕೀಲಿ ತೆಗೆದು ಮಹೇಂದ್ರನ ಕೈಗಿಟ್ಟ. "ತೆಪ್ಪಾಯ್ತು ಕಣಪ್ಪ," ಎಂದ. ಆಮೇಲೆ ಮೊದಲನೆಯ ಕೀಬೋರ್ಡಿನಿಂದ ಅಕ್ಷತೆಯನ್ನು ಉಗುರಿನಲ್ಲಿ ಮೆಲ್ಲಗೆ ಬಿಡಿಸಿ ರಮ್ಯಾಳ ತಲೆಯ ಮೇಲೆ ಹಾಕಿದ.

ಪೂಜೆ ಇಳಿಯಿತು.