ಮೂರನೆಯ ಫ್ಲಾಪಿ

೧೯೯೦ರ ಅಕ್ಟೋಬರ್ ೧, ಸೋಮವಾರ, ಬೆಳಿಗ್ಗೆ ೧೧.೨೦. ದೇಸಾಯಿ ಎಂಬ ಫ್ಯಾಕ್ಟರಿ ಮ್ಯಾನೇಜರರು ಏದುಸಿರು ಬಿಡುತ್ತ ಭಾಂಡುಪ್ ಪೊಲೀಸ್ ಠಾಣೆಗೆ ಬಂದು, ಒಂದು ಫ್ಲಾಪಿ ಕಳವಾಗಿದೆ ಎಂದು ದೂರು ಕೊಟ್ಟರು. ಫ್ಲಾಪಿ ಎಂದರೇನೆಂದು ಹವಾಲ್ದಾರ ಅಣವೀರಪ್ಪ ಕೇಳಿದ. ಅಂಗೈಯಗಲದ, ಕಪ್ಪು ಬಣ್ಣದ, ಹಿಡಿದರೆ ಬಾಗುವ ತಗಡಿನಂಥದ್ದು ಎಂದು ದೇಸಾಯಿ ಕೈಯಲ್ಲೇ ಅಳತೆ ತೋರಿಸಿದರು. ಇಷ್ಟಕ್ಕೆಲ್ಲ ಪೊಲೀಸೇ ಎಂದು ಅಣವೀರಪ್ಪನಿಗೆ ಅನ್ನಿಸಿತು. ಆದರೆ ಬಂದವರು ಟೈ ಕಟ್ಟಿದ್ದರಿಂದ ಬಾಯಿಬಿಡಲಿಲ್ಲ.

ಇನ್‌ಸ್ಪೆಕ್ಟರ್ ಸದಾನಂದ ಉಡುಪಿ ಕಡೆಯವರು. ಅವರು ಪೂರ್ತಿ ಕೇಳಿಸಿಕೊಂಡರು. ದೇಸಾಯಿಯವರದು ವಾಲ್ವ್ ತಯಾರಿಸುವ ಕಾರ್ಖಾನೆ. ದಾಸ್ತಾನು, ಖರೀದಿ, ಬಿಲ್ಲು, ಸಂಬಳ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರನ್ನು ಹೊಸ ಯುನಿಕ್ಸ್ ಕಂಪ್ಯೂಟರಿಗೆ ಹಾಕಲು, ಬೆಂಗಳೂರಿನ ಕಂಪನಿಯೊಂದು ನಾಣಿ ಎಂಬ ಇಪ್ಪತ್ತೈದರ ಎಂಜಿನಿಯರನ್ನು ಕಳಿಸಿತ್ತು. ಸಾಫ್ಟ್‌ವೇರ್ ವಿದೇಶದಿಂದ ಹದಿನಾಲ್ಕು ಫ್ಲಾಪಿಗಳಲ್ಲಿ ಬಂದಿತ್ತು. ಮೊದಲ ನಾಲ್ಕರಲ್ಲಿ ಡೇಟಾಬೇಸ್; ಅದು ಕೂರದೆ ಉಳಿದ ಹತ್ತು ಇದ್ದೂ ಇಲ್ಲದಂತೆ. ಒಲೆ ಹಚ್ಚದೆ ಎಸರಿಡುವುದು ಹೇಗೆ? ಕೆಲವು ವಾರ ಯಂತ್ರವನ್ನು ಸಿದ್ಧಪಡಿಸಿ, ಆ ಬೆಳಿಗ್ಗೆ ನಾಣಿ ಒಂದು ಹಾಕಿದ, ಎರಡು ಹಾಕಿದ. ಯಂತ್ರ ಮೂರನೆಯದನ್ನು ಕೇಳಿತು. ಮೂರನೆಯದು ಪೆಟ್ಟಿಗೆಯಲ್ಲಿ ಇರಲಿಲ್ಲ.

ಬೀಗದ ಕೈ ನಾಣಿಯ ಬಳಿ ಇತ್ತು, ಪೆಟ್ಟಿಗೆಗೆ ಸಹಿ ಹಾಕಿದವನೂ ಅವನೇ. ಬೇರೆ ಕಂಪನಿಗೆ ಮಾರಿಕೊಂಡಿದ್ದಾನೆ ಎಂದು ದೇಸಾಯಿ ಬರೆದುಕೊಟ್ಟರು. ೧೨.೧೦ಕ್ಕೆ ಎಫ್‌ಐಆರ್ ದಾಖಲಾಯಿತು. ಒಂದು ಗಂಟೆಗೆ ನಾಣಿ ಠಾಣೆಯ ಬೆಂಚಿನ ಮೇಲಿದ್ದ.

"ಪೆಟ್ಟಿಗೆ ಬೇರೆಯವರ ಕೈಗೆ ಹೋಗಿತ್ತಾ?" ಸದಾನಂದ ಕೇಳಿದರು.

"ಶನಿವಾರ ದಸರಾ ಅಲ್ವಾ ಸಾರ್, ಆಯುಧ ಪೂಜೆಗೆ ಕೊಟ್ಟಿದ್ದೆ. ಮೆಷಿನ್ ಮುಂದೆ ಫ್ಲಾಪಿ ಎಲ್ಲಾ ಸಾಲಾಗಿಟ್ಟು ಪೂಜೆ ಮಾಡಿದ್ರು."

"ವಾಪಸ್ ತಗೊಳ್ಳುವಾಗ ಎಣಿಸ್ಲಿಲ್ವಾ ಮಾರಾಯ?"

"ಪೂಜೆಗಿಟ್ಟಿದ್ದನ್ನ ಅವತ್ತು ಕದಲಿಸಬಾರದು ಅಂದ್ರು. ಇವತ್ತು ಬೆಳಿಗ್ಗೆ ಶಾಮಣ್ಣ ಸಾರೇ ಪೆಟ್ಟಿಗೆಗೆ ತುಂಬಿಕೊಟ್ರು. ಸ್ಟೋರ್ ಕ್ಲರ್ಕು, ಪೂಜೆ ಮಾಡಿದ್ದೂ ಅವರೇ. ಅವರು ಅಂಥೋರಲ್ಲ ಸಾರ್. ದಿನಾ ನಂಗೆ ಊಟ ತರ್ತಾರೆ."

"ಒಂದು ಫ್ಲಾಪಿ ಹೋದ್ರೆ ಎಂತ ಆಗ್ತದೆ?"

"ಹೊಸ ಸೆಟ್ ಬರೋಕೆ ಆರು ವಾರ. ಅಲ್ಲೀವರೆಗೂ ನಾನು ಇಲ್ಲೇ ಇರ್ಬೇಕು. ಈಗ ಕೆಲಸಾನೇ ಇರಲ್ಲ ಬಿಡಿ, ಇನ್ನೂ ಪ್ರೊಬೇಷನ್ನು. ಅಪ್ಪಂಗೆ ಏನು ಹೇಳ್ಲಿ ಸಾರ್?"

ಮಾರುವವನು ಹದಿನಾಲ್ಕನ್ನೂ ಒಯ್ಯುತ್ತಾನೆ. ಒಂದನ್ನೇ ಒಯ್ದವನಿಗೆ ಬೇಕಿದ್ದದ್ದು ಸಾಫ್ಟ್‌ವೇರ್ ಅಲ್ಲ, ಕೆಲಸ ನಿಲ್ಲುವುದು. ಸದಾನಂದರಿಗೆ ಇಷ್ಟು ಹೊಳೆಯಿತು. ಯಾಕೆ ನಿಲ್ಲಬೇಕಿತ್ತು ಎಂಬುದು ಹೊಳೆಯಲಿಲ್ಲ.

ಮಧ್ಯಾಹ್ನ ೩.೩೦ಕ್ಕೆ ಶಾಮಣ್ಣನವರ ವಿಚಾರಣೆ. ಐವತ್ತೆರಡು ವರ್ಷ, ನಂಜನಗೂಡಿನ ಕಡೆಯವರು, ಬೊರಿವಲಿಯಲ್ಲಿ ವಾಸ.

"ಪೂಜೆಗೆ ಎಷ್ಟು ಫ್ಲಾಪಿ ಇಟ್ಟಿದ್ರಿ?"

"ಪೂಜೆ ಕ್ರಮವಾಗೇ ಮಾಡಿದೀನಿ ಸ್ವಾಮಿ."

"ಎಷ್ಟು?"

"ಪೆಟ್ಟಿಗೇಲಿದ್ದಷ್ಟು."

ದಸರೆಯ ದಿನ ಕಾರ್ಖಾನೆಯಲ್ಲಿ ಫೋಟೋ ತೆಗೆಸುವ ರೂಢಿಯಿತ್ತು. ರೋಲು ಇನ್ನೂ ಸ್ಟುಡಿಯೋದಲ್ಲಿತ್ತು. ಮರುದಿನ ಗಾಂಧಿ ಜಯಂತಿ, ಅಂಗಡಿ ಬಂದ್. ನಾಣಿ ಇನ್ನೊಂದು ದಿನ ಬೆಂಚು ಕಾಯಬೇಕಾಯಿತು. ಅಣವೀರಪ್ಪ ತಂದುಕೊಟ್ಟ ವಡಾಪಾವ್ ಅವನ ಕೈಯಲ್ಲೇ ಆರಿತು.

ಬುಧವಾರ ೧೦.೪೦ಕ್ಕೆ ಫೋಟೋ ಬಂತು. ಸಾಲಾಗಿ ಫ್ಲಾಪಿಗಳು, ಒಂದೊಂದರ ಮೇಲೂ ಒಂದೊಂದು ಚೆಂಡುಹೂವು. ಅಣವೀರಪ್ಪ ಭೂತಗನ್ನಡಿ ಹಿಡಿದು ಎರಡೆರಡು ಸಲ ಎಣಿಸಿದ.

"ಹದಿಮೂರ ಅದಾವ್ರೀ ಸಾಹೇಬ್ರ."

ಅಂದರೆ ಫ್ಲಾಪಿ ಹೋದದ್ದು ಪೂಜೆಗೆ ಮುಂಚೆ. ಫ್ಲಾಪಿಗಳ ಮೇಲೆ ನಂಬರಿರುವಾಗ, ಹೂವಿಟ್ಟ ಕೈಗೆ ಅದು ಗೊತ್ತಿರಲೇಬೇಕು. ಸದಾನಂದ ನೇರ ಕಾರ್ಖಾನೆಯ ಸ್ಟೋರಿಗೆ ಹೋದರು. ಮೇಜಿನ ಮೇಲೆ ಫೋಟೋ ಇಟ್ಟು, ಶೆಲ್ಫಿನತ್ತ ಕೈ ತೋರಿಸಿದರು.

"ಖಾಲಿ ಫ್ಲಾಪಿಯ ಡಬ್ಬಿ ನಿಮ್ಮ ಹತ್ರವೇ ಉಂಟಲ್ಲ ಶಾಮಣ್ಣನವರೇ. ಅದರಿಂದ ಒಂದು ಇಟ್ಟಿದ್ರೆ ಲೆಕ್ಕ ಸರಿ ಹೋಗ್ತಿತ್ತು. ಯಾಕೆ ಇಡ್ಲಿಲ್ಲ?"

ಶಾಮಣ್ಣ ಫೋಟೋವನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು:

"ಅಮ್ಮನೋರ ಮುಂದೆ ಸುಳ್ಳು ಆಯುಧ ಹೆಂಗಿಡೋದು ಸ್ವಾಮಿ?"

ಕಳ್ಳತನಕ್ಕೆ ಬಂದ ಕೈ ಆ ಒಂದು ಸುಳ್ಳಿಗೆ ಬಂದಿರಲಿಲ್ಲ. ಇಂಥ ಕಳ್ಳನನ್ನು ಸದಾನಂದ ತಮ್ಮ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಸಂಜೆ ೪.೧೫ಕ್ಕೆ ಬೊರಿವಲಿಯ ಕೋಣೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಟ್ರಂಕಿನಲ್ಲಿ, ಮಡಿಸಿದ ಪಂಚೆಯ ನಡುವೆ, ಮೂರನೆಯ ಫ್ಲಾಪಿ ಒಂದು ಗೀರೂ ಇಲ್ಲದೆ ಸಿಕ್ಕಿತು. ಅಡುಗೆ ಕಟ್ಟೆಯ ಮೇಲೆ ಎರಡು ಸ್ಟೀಲ್ ತಟ್ಟೆಗಳಿದ್ದವು. ಒಂದು ಸವೆದದ್ದು, ಇನ್ನೊಂದರ ಮೇಲೆ ಅಂಗಡಿಯ ಚೀಟಿ ಹಾಗೇ ಇತ್ತು. ಮುಂದಿನ ಭಾನುವಾರ ಹುಡುಗನನ್ನು ಊಟಕ್ಕೆ ಕರೆಯಬೇಕೆಂದಿದ್ದೆ ಎಂದು, ಯಾರೂ ಕೇಳದೆಯೇ ಶಾಮಣ್ಣ ಹೇಳಿದರು.

೬.೪೦ಕ್ಕೆ ಬಂಧನ. ಹೇಳಿಕೆಯಲ್ಲಿ ಇದ್ದದ್ದು ಇಷ್ಟು: ಹೆಂಡತಿ ವಿಮಲಾ ತೀರಿ ಒಂಬತ್ತು ವರ್ಷ. ದಿನಾ ಬೊರಿವಲಿಯಿಂದ ದಾದರಿಗೆ, ಅಲ್ಲಿ ಲೋಕಲ್ ರೈಲು ಬದಲಿಸಿ ಭಾಂಡುಪಿಗೆ. ಲೋಕಲ್‌ನಲ್ಲಿ ಮೈಗೆ ಮೈ ತಾಗುವಷ್ಟು ಜನ, ಮಾತಿಗೆ ಒಬ್ಬರಿಲ್ಲ. ಕಾರ್ಖಾನೆಯಲ್ಲಿ ಆಡುವುದು ಮಾಲಿನ ನಂಬರುಗಳ ಹಿಂದಿ. ನಾಣಿ ಬಂದ ಮೊದಲ ವಾರ, ಇವರ ಡಬ್ಬಿಯ ಹುಳಿಯ ವಾಸನೆಗೆ ತಿರುಗಿ "ನಮ್ಮನೆ ಥರಾನೇ ಇದೆ ಸಾರ್" ಅಂದಿದ್ದ. ಅಂದಿನಿಂದ ಇವರು ಇಬ್ಬರಿಗೆ ಅಡುಗೆ ಮಾಡತೊಡಗಿದರು. ಪೂಜೆಯ ದಿನ ನಾಣಿ, ಇನ್ನು ಎರಡೇ ದಿನದ ಕೆಲಸ, ಮುಗಿಸಿ ಹೊರಡುತ್ತೇನೆ ಎಂದ. ಒಂದು ಕಳೆದರೆ ಆರು ವಾರ ಎಂದು ಹಿಂದೊಮ್ಮೆ ಅವನೇ ತಮಾಷೆಗೆ ಹೇಳಿದ್ದು ನೆನಪಾಯಿತು. ಪೊಲೀಸರು ಬರುತ್ತಾರೆಂದು ಎಣಿಸಿರಲಿಲ್ಲ. ಹುಡುಗನನ್ನು ಕರೆದೊಯ್ಯುವಾಗ ನಾಲಗೆ ಏಳಲಿಲ್ಲ.

ಅದು ಹೇಡಿತನವೇ. ಯಾರ ಜೊತೆ ಬೇಕೆಂದು ಕದ್ದರೋ ಅವನನ್ನೇ ಎರಡು ದಿನ ಲಾಕಪ್ಪಿನ ಬಾಗಿಲಲ್ಲಿ ಕೂರಿಸಿದ್ದರು. ಆದರೂ ಹೇಳಿಕೆ ಬರೆದುಕೊಳ್ಳುತ್ತಿದ್ದ ಅಣವೀರಪ್ಪ ನಡುವೆ ಒಮ್ಮೆ ಪೆನ್ನು ಕೆಳಗಿಟ್ಟು ಹೊರಗೆ ಹೋಗಿಬಂದ.

ನಾಣಿಯನ್ನು ಆಗಲೇ ಬಿಟ್ಟಿದ್ದರು. ತಪ್ಪು ಅವನದಲ್ಲವೆಂದು ಅವನ ಕಂಪನಿಗೆ ದೇಸಾಯಿಯವರಿಂದ ಪತ್ರವನ್ನೂ ಬರೆಸಿದ್ದರು. ಅವನು ಯಾರನ್ನೂ ಏನನ್ನೂ ಕೇಳದೆ ಬೇಗಬೇಗ ಮೆಟ್ಟಿಲಿಳಿದಿದ್ದ.

ಬಂಧನದ ಕಾಗದದಲ್ಲಿ ಇನ್ನೊಂದು ಸಾಲು ತುಂಬುವುದಿತ್ತು.

"ನೀವು ಇಲ್ಲಿರೂದು ಯಾರಿಗೆ ತಿಳಸ್ಬೇಕ್ರಿ?" ಅಣವೀರಪ್ಪ ಕೇಳಿದ.

"ನಾಣಿಗೆ," ಅಂದರು ಶಾಮಣ್ಣ.

"ಅವ್ರ ಬ್ಯಾಡ್ರಿ. ಮತ್ತ ಯಾರರ ಇದ್ರ ಹೇಳ್ರಿ."

"ಇದ್ದಿದ್ರೆ ನಾನ್ಯಾಕಪ್ಪ ಕದೀತಿದ್ದೆ?"

ಅಣವೀರಪ್ಪ ಇನ್‌ಸ್ಪೆಕ್ಟರರ ಮುಖ ನೋಡಿದ. ಸದಾನಂದ ಆಗಲಿ ಎಂದು ತಲೆಯಾಡಿಸಿದರು. ಅವನು ಆ ಸಾಲಿನಲ್ಲಿ ನಾಣಿಯ ಹೆಸರನ್ನೇ ಬರೆದ.