ಎಡಗಾಲಿನದು

“ಇಣುಕಬಾರದು ಅಮ್ಮ. ಕಣ್ಣು ಗಟ್ಟಿಯಾಗಿ ಮುಚ್ಕೋ.”

ಅಮ್ಮ ಕಣ್ಣು ಮುಚ್ಚಿ, ಹಳೆಯ ದಿಂಬಿನ ಕವರಿನೊಳಗೆ ಕೈ ಇಳಿಸಿದಳು. ಒಳಗೆ ಏನಿದೆಯೆಂದು ಪಿಟೀಲಿಗೆ ಮಾತ್ರ ಗೊತ್ತಿತ್ತು.

ಪಿಟೀಲು ಅನ್ನುವುದು ಅವಳ ಶಾಲೆಯ ಹೆಸರಲ್ಲ. ಅಳಲು ಶುರು ಮಾಡಿದರೆ ರಾಗ ಎಳೆದೂ ಎಳೆದೂ ಬೀದಿಗೆಲ್ಲ ಕೇಳಿಸುತ್ತಾಳೆಂದು ಅಪ್ಪ ಇಟ್ಟ ಹೆಸರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಆ ಹೆಸರು ಕೇಳಿಸಿರಲಿಲ್ಲ. ಪಿಟೀಲೂ ಅತ್ತಿರಲಿಲ್ಲ. ಅಮ್ಮನೇ ಅಳದಿದ್ದಾಗ ತಾನೊಬ್ಬಳೇ ಹೇಗೆ ಅಳುವುದು?

ಅಮ್ಮ ಚಿತ್ರ ಬರೆಯುವವಳು. ಬೀದಿ ಕಡೆಯ ಕೋಣೆಯೇ ಅವಳ ಕೆಲಸದ ಜಾಗ. ತಿಂಗಳುಗಟ್ಟಲೆ ಬ್ರಷ್ ಮುಟ್ಟದೆ ಕೂತವಳು ಈಗ ಹೊಸ ಕೆಲಸ ಹಿಡಿದಿದ್ದಳು. ಕಣ್ಣಿಗೆ ಕಂಡದ್ದು ಬೇಡ, ಕೈಗೆ ಸಿಕ್ಕಿದ್ದನ್ನೇ ಬರೆಯಬೇಕು ಎಂದು ಅವಳ ಹಟ. ಪಿಟೀಲು ಕವರಿನೊಳಗೆ ಏನಾದರೂ ಹಾಕಿಡುತ್ತಿದ್ದಳು. ಅಮ್ಮ ಅದನ್ನು ನೋಡದೆ ತಡವಿ, ಆಮೇಲೆ ಬಣ್ಣ ಕಲೆಸುತ್ತಿದ್ದಳು. ಫ್ರಿಜ್ಜಿನಿಂದ ತೆಗೆದ ಟೊಮೆಟೊ ಹಾಕಿದ ದಿನ ಕ್ಯಾನ್ವಾಸ್ ತುಂಬ ನೀಲಿ.

“ಟೊಮೆಟೊ ಎಲ್ಲಾದ್ರೂ ನೀಲಿ ಇರುತ್ತಾ?” ಎಂದು ಪಿಟೀಲು ನಕ್ಕಿದ್ದಳು.

“ಅದು ಕೆಂಪು ಅಂತ ಕೈಗೇನು ಗೊತ್ತು? ಕೈಗೆ ತಣ್ಣಗಿತ್ತು, ಅಷ್ಟೇ.”

ಇವತ್ತು ಕವರಿನಲ್ಲಿ ಇದ್ದದ್ದು ಅಪ್ಪ ಮಂಡಿಗೆ ಹಾಕಿಕೊಳ್ಳುತ್ತಿದ್ದ ಬಿಗಿ ಬಟ್ಟೆಯ ನೀಕ್ಯಾಪ್. ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಲಿಫ್ಟ್ ಕೆಟ್ಟ ಕಡೆ ಅದನ್ನು ಸರಿಮಾಡುವವನಿಗೆ ಮೆಟ್ಟಿಲೇ ಗತಿ ತಾನೇ? ಹತ್ತಿ ಹತ್ತಿ ಮಂಡಿ ಸವೆದಿತ್ತು.

ಅಪ್ಪನ ಬಟ್ಟೆಬರೆಯನ್ನೆಲ್ಲ ಅಮ್ಮ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟಿದ್ದಳು. ಅಪ್ಪನ ಮಾತೆತ್ತಿದರೆ, “ಹೋಮ್‌ವರ್ಕ್ ಆಯ್ತಾ?” ಎಂದು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಅಲ್ಲಿ ನಲ್ಲಿ ಸುರಿಯುವ ಸದ್ದು. ಅಮ್ಮ ಅಪ್ಪನನ್ನು ಮರೆತೇಬಿಟ್ಟಳಾ? ಪಿಟೀಲಿಗೆ ಅದೇ ಕೊರೆಯುತ್ತಿತ್ತು. ಮಂಚದಡಿ ಸಿಕ್ಕಿದ ನೀಕ್ಯಾಪನ್ನು ಅವಳು ಶೂ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅಮ್ಮ ಗುರುತು ಹಿಡಿಯುತ್ತಾಳೋ ಇಲ್ಲವೋ, ಇವತ್ತು ಗೊತ್ತಾಗಿಬಿಡಲಿ ಎಂದು ಅದನ್ನೇ ತಂದು ಹಾಕಿದ್ದಳು.

ಕವರಿನೊಳಗೆ ಅಮ್ಮನ ಕೈ ನಿಂತುಬಿಟ್ಟಿತು.

“ಎಡಗಾಲಿಂದು,” ಎಂದಳು. ಮೆಲ್ಲಗೆ ಕೈ ತೆಗೆದು ಅಡುಗೆಮನೆಗೆ ಹೋದಳು. ನಲ್ಲಿ ಸುರಿಯತೊಡಗಿತು. ಬಹಳ ಹೊತ್ತು ಸುರಿಯಿತು.

ಊಟದ ಹೊತ್ತಿಗೆ ಪಿಟೀಲು ತಟ್ಟೆ ತರಲು ಹೋದರೆ, ಸಿಂಕಿನಲ್ಲಿ ಪಾತ್ರೆಗಳು ತೊಳೆಯದೆ ಹಾಗೇ ಬಿದ್ದಿದ್ದವು. ಅಮ್ಮ ತಲೆ ಬಗ್ಗಿಸಿಯೇ ಅನ್ನ ಬಡಿಸಿದಳು. ಸುಮ್ಮನಿರಲಾರದೆ ನಾನೇ ಕೈಯಾರೆ ಎಲ್ಲ ಕೆಡಿಸಿದೆ, ಇನ್ನು ಅಮ್ಮ ಮತ್ತೆ ಬ್ರಷ್ ಮುಟ್ಟುವುದಿಲ್ಲ ಎಂಬ ಚಿಂತೆಯಲ್ಲಿ ಪಿಟೀಲಿಗೆ ಅನ್ನ ಸೇರಲಿಲ್ಲ.

ಮಾರನೆಯ ದಿನ ಕ್ಲಾಸಿನಲ್ಲಿ ಮಿಸ್ ಕೇಳಿದರು, “ಗಮನ ಎಲ್ಲಿದೆಯಮ್ಮ?”

“ಮನೇಲಿ, ಮಿಸ್.” ಕ್ಲಾಸೆಲ್ಲ ಗೊಳ್ಳೆಂದಿತು. ಅವಳಿಗೆ ನಗು ಬರಲಿಲ್ಲ.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅಮ್ಮ ಬ್ರಷ್ ಬಿಟ್ಟು ಅಂಗೈಯಿಂದಲೇ ಬಣ್ಣ ತಿಕ್ಕುತ್ತಿದ್ದಳು. ಕ್ಯಾನ್ವಾಸಿನ ಸುತ್ತ ದಪ್ಪನೆಯ ಕಂದು. ನಡುವೆ ಮಾತ್ರ ಬಣ್ಣ ತಾಗದ ದುಂಡನೆಯ ಜಾಗ.

“ಮಧ್ಯದಲ್ಲಿ ಬಣ್ಣ ಹಾಕೋದು ಮರೆತ್ಯಾ?”

“ಮರೆತಿಲ್ಲ.” ಅಮ್ಮ ಮೊಣಕೈಯಿಂದ ದಿಂಬಿನ ಕವರನ್ನು ಅವಳತ್ತ ಸರಿಸಿದಳು. “ನೀನೂ ಕೈ ಹಾಕು. ಇಣುಕಬಾರದು.”

ಪಿಟೀಲು ಕಣ್ಣು ಮುಚ್ಚಿದಳು. ನೀಕ್ಯಾಪಿನ ಹೊರಗೆಲ್ಲ ಒರಟು, ಅಲ್ಲಲ್ಲಿ ಎದ್ದ ದಾರ. ಕೈ ಒಳಗೆ ತೂರಿಸಿದಳು. ಒಳಗಡೆ ಸವೆದು ನುಣುಪಾಗಿತ್ತು. ಒಂದು ಕಡೆ ಬಟ್ಟೆ ಹಿಗ್ಗಿ, ದುಂಡಗೆ ಉಬ್ಬಿ ಹಾಗೇ ನಿಂತಿತ್ತು. ಅವಳ ಮುಷ್ಟಿ ಅದರಲ್ಲಿ ಸರಿಯಾಗಿ ಕೂತಿತು. ಅಪ್ಪನ ಮಂಡಿ ಇದ್ದ ಜಾಗ ಅದು.

ಅವಳು ಕಣ್ಣು ತೆರೆದು ಕ್ಯಾನ್ವಾಸಿನ ನಡುವಿನ ಆ ದುಂಡನೆಯ ಜಾಗವನ್ನು ನೋಡಿದಳು.

“ಎಡಗಾಲಿಂದು ಅಂತ ಹೇಗೆ ಗೊತ್ತಾಯ್ತಮ್ಮ?”

“ಆ ಮಂಡೀನೇ ಜಾಸ್ತಿ ಊದ್ಕೊಳ್ತಿದ್ದಿದ್ದು. ಕೊನೆಕೊನೆಗೆ ನಿಮ್ಮಪ್ಪನಿಗೆ ಬಗ್ಗೋಕೆ ಆಗ್ತಿರ್ಲಿಲ್ಲ. ದಿನಾ ಬೆಳಿಗ್ಗೆ ನಾನೇ ಎಳೆದು ಹಾಕ್ತಿದ್ದೆ. ನೀನಿನ್ನೂ ಮಲಗಿರ್ತಿದ್ದೆ.” ಅಮ್ಮ ಅಡುಗೆಮನೆಯತ್ತ ತಿರುಗಿದಳು. “ಹೋಮ್‌ವರ್ಕ್ ತೆಗಿ. ನಾನು ಪಾತ್ರೆ ತೊಳೆದು ಬರ್ತೀನಿ.”

ಪಾತ್ರೆ. ನಿನ್ನೆ ಅಷ್ಟು ಹೊತ್ತು ನಲ್ಲಿ ಸುರಿದಿತ್ತು. ಒಂದು ಲೋಟವೂ ತೊಳೆದಿರಲಿಲ್ಲ.

ಪಿಟೀಲು ಅಮ್ಮನ ಬಣ್ಣದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ನಲ್ಲಿ ಬಿಡಬೇಡಮ್ಮ. ಇಲ್ಲೇ ಇರು.”

ಹೇಳುತ್ತಿದ್ದಂತೆ ಅವಳು ತಿಂಗಳುಗಳಿಂದ ತಡೆದಿಟ್ಟಿದ್ದ ರಾಗ ಮೊದಲು ಸಣ್ಣಗೆ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಹೊರಟಿತು. ಅಮ್ಮ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತಳು.

“ಶುರುವಾಯ್ತು ನೋಡು, ಪಿಟೀಲು,” ಎಂದಳು. ಅಮ್ಮನ ಕೆನ್ನೆಯೂ ಒದ್ದೆಯಾಗಿತ್ತು. ಅಡುಗೆಮನೆಯಲ್ಲಿ ನಲ್ಲಿ ಮುಚ್ಚಿಯೇ ಇತ್ತು.